ವೀಸಾ ಅಯ್ಯಣ್ಣನವರ ಪಾಠ

ವಿದೇಶದ ಉತ್ಸವಗಳಿಗೆ ಹೊರಟ ಮೇಳಗಳಿಗೆ ರಾಯಚೂರಿನಲ್ಲಿ ವೀಸಾ ಅರ್ಜಿ ತುಂಬಿಕೊಡುವವರು ನಮ್ಮ ಅಯ್ಯಣ್ಣನವರು. ಅರ್ಜಿ ತುಂಬಿದ ಮೇಲೆ, ಎಂಥ ಬಿಸಿಲಿದ್ದರೂ ಟೈ ಕಟ್ಟಿಕೊಂಡು, ತಾವೇ ಪರದೇಶದ ಅಧಿಕಾರಿಯಾಗಿ ಸಂದರ್ಶನದ ತಾಲೀಮು ಮಾಡಿಸುತ್ತಾರೆ. ಪೈಲ್ವಾನರಿಗೆ ಸೋತ ಕುಸ್ತಿಗಳ ಲೆಕ್ಕವನ್ನೂ, ಡೊಳ್ಳಿನವರಿಗೆ ಡೊಳ್ಳಿನ ವಯಸ್ಸನ್ನೂ ಕೇಳುತ್ತಾರೆ. ಮೊನ್ನೆ ಮಾನ್ವಿಯ ಹಾಡುಗಾರ್ತಿ ಮಾನಮ್ಮನಿಗೆ, "ಕಾರ್ಯಕ್ರಮ ಮುಗದ ಮ್ಯಾಲ ವಾಪಸ್ ಬರ್ತೀರೇನು?" ಎಂದರು. "ಕರದವರು ಇನ್ನ ನಾಕು ದಿನ ಇರ್ರಿ ಅಂದ್ರ ಇರ್ತೀವ್ರಿ." "ಯವ್ವಾ, ಹಂಗಂದ್ರ ವೀಸಾ ಸಿಗೂದಿಲ್ಲ. ಬಂದ ಬರ್ತೀನಿ ಅನ್ನು." "ಕರದವರ ಮಾರಿ ಮ್ಯಾಲ ಇರೂದಿಲ್ಲ ಅಂತ ಹೆಂಗ ಅನ್ನೂದ್ರಿ?" ಅಯ್ಯಣ್ಣನವರು ಟೈ ಸಡಿಲಿಸಿದರು. "ಮೇಳದಾಗ ಹಲಗಿ ಬಾರಸ್ತಿದ್ದಾಗ ನಾನೂ ಸಂದರ್ಶನದಾಗ ಹಂಗ ಮರ್ಯಾದಿ ಮಾಡಿದ್ನೆವ್ವಾ. ನನಗೊಬ್ಬಗ ವೀಸಾ ಇಲ್ಲ ಅಂದ್ರು. ಮೇಳ ಹೋಗಿ ಬಂತು, ನನ್ನ ಹಲಗಿನೂ ಹೋಗಿ ಬಂತು."