ಏಳು ದಿನದ ಫರಕು

ಕಾಕೂಗೆ ಎಡಗಡೆಯ ಹುಬ್ಬು ಇರಲಿಲ್ಲ. ದಿನಾ ಸ್ನಾನವಾದ ಮೇಲೆ ಕನ್ನಡಿಯ ಮುಂದೆ ಕೂತು ಕಾಡಿಗೆಯಿಂದ ಅದನ್ನು ಬರೆದುಕೊಳ್ಳುತ್ತಿದ್ದರು. ಅವಸರದ ದಿನ ಅದು ತುಸು ಮೇಲಕ್ಕೇರಿ, ಸಂಜೆಯವರೆಗೂ ಯಾರದೋ ಸುಳ್ಳು ಕೇಳಿ ಬೆರಗಾದವರಂತೆ ಕಾಣುತ್ತಿದ್ದರು. ಆ ಹುಬ್ಬನ್ನು ನುಂಗಿದ್ದು ಒಂದು ಎಣ್ಣೆ. ಬೋಳುತಲೆಯ ಮೇಲೂ ಕೂದಲು ಹುಟ್ಟಿಸುವುದಾಗಿ ಪತ್ರಿಕೆಯಲ್ಲಿ ಹೇಳಿಕೊಂಡಿದ್ದ ಅದನ್ನು ಅವರ ಗಂಡ, ನಮ್ಮ ಕಾಕಾ, ತಮ್ಮ ನೆತ್ತಿಗೆಂದು ತರಿಸಿದ್ದರು. ಮೊದಲು ಪರೀಕ್ಷೆಯಾಗಲಿ ಎಂದು ಕಾಕೂ ತಮ್ಮ ಒಂದು ಹುಬ್ಬಿಗೆ ಹಚ್ಚಿಕೊಂಡರು. ಹತ್ತು ದಿನದಲ್ಲಿ ಇದ್ದದ್ದೂ ಉದುರಿತು, ಮತ್ತೆ ಬರಲಿಲ್ಲ.

"ನನ್ನ ಹುಬ್ಬ ಹೋತು, ಇವರವು ನಾಕು ಕೂದಲಾ ಉಳದ್ವು," ಎಂದು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು.

ಅವರು ನನ್ನ ಸ್ವಂತ ಕಾಕೂ ಏನಲ್ಲ. ಪುಣೆಯ ಶನಿವಾರ ಪೇಠೆಯಲ್ಲಿ ಹಲವು ಬಾಡಿಗೆ ಸಂಸಾರಗಳಿದ್ದ ಒಂದು ವಾಡೆಯಲ್ಲಿ ನಮ್ಮ ಎದುರು ಖೋಲಿಯಲ್ಲಿದ್ದ ಬೆಳಗಾವಿ ಕಡೆಯವರು. ನಮ್ಮಪ್ಪ ಧಾರವಾಡದಿಂದ ಬಂದ ರೇಲ್ವೆ ಕಾರಕೂನರು. ಅವ್ವ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದರಿಂದ ನನ್ನ ಜಡೆ ಹೆಣೆಯುವುದರಿಂದ ಹಿಡಿದು ಬೈಯುವವರೆಗೆ ಎಲ್ಲ ಕೆಲಸವೂ ಕಾಕೂ ಪಾಲಿಗೆ ಬಂದಿತ್ತು. ಮಕ್ಕಳಿಲ್ಲದ ಅವರಿಗೆ ಇದ್ದ ಚಟ ಒಂದೇ, ಜಾಹೀರಾತು ಓದುವುದು. ಮರಾಠಿ, ಕನ್ನಡ ಯಾವ ಪತ್ರಿಕೆ ಸಿಕ್ಕರೂ ಜಾಹೀರಾತು ಕತ್ತರಿಸಿ ದಪ್ಪ ವಹಿಯೊಂದರಲ್ಲಿ ಅಂಟಿಸುವರು. ಆ ವಸ್ತು ಕೈಗೆ ಸಿಕ್ಕಾಗ ಪರೀಕ್ಷಿಸಿ ಕೆಳಗೆ ಫಲ ಬರೆಯುವರು. ಹುಬ್ಬಿನ ಪ್ರಸಂಗದಿಂದ ಕಲಿತದ್ದಲ್ಲ ಇದು, ಅದಕ್ಕೂ ಮೊದಲಿನಿಂದ ಅವರ ನಿಯಮ ಒಂದೇ: "ಒಂದ ಕಡೆ ಹಚ್ಚು, ಇನ್ನೊಂದ ಕಡೆ ಸಾಕ್ಷಿ ಇರಲಿ." ಉಜ್ಜದೆಯೇ ಬಟ್ಟೆ ಬೆಳ್ಳಗಾಗುವ ಸಾಬೂನು ಬಂದಾಗ ಕಾಕಾನ ಧೋತರದ ಒಂದು ತುದಿಯನ್ನು ಅದರಲ್ಲಿ ನೆನೆಸಿ, ಇನ್ನೊಂದನ್ನು ಅಂಟವಾಳದಲ್ಲಿ ಒಗೆದರು. ಪಾಪ, ಕಾಕಾ ಒಂದು ವಾರ ಎರಡು ಬಣ್ಣದ ಧೋತರ ಉಟ್ಟು ಕಚೇರಿಗೆ ಹೋದರು. ಬೆಳ್ಳಗಿದ್ದದ್ದು ಅಂಟವಾಳದ ತುದಿ.

ನನಗೆ ಹದಿನೆಂಟು ತುಂಬಿದಾಗ ಈ ಪರೀಕ್ಷೆ ನನ್ನ ಮೇಲೆಯೇ ಬಂತು. ನನ್ನದು ಕಪ್ಪು ಬಣ್ಣ. ಅಷ್ಟರಲ್ಲಿ ಎರಡು ಕಡೆಯವರು ನೋಡಿ ಹೋಗಿ, ಹುಡುಗಿ ಬಣ್ಣ ಕಡಿಮೆಯಾಯಿತೆಂದು ಹೇಳಿ ಕಳಿಸಿದ್ದರು. ಇನ್ನೊಂದು ಸಲ ಬೇಡವೆನಿಸಿಕೊಂಡರೆ ಸೊಲ್ಲಾಪುರದಲ್ಲಿದ್ದ ಎರಡನೆಯ ಮದುವೆಯ ವರನಿಗೇ ಕೊಡುವುದೆಂದು ಅಪ್ಪ ಗಟ್ಟಿ ಮಾಡಿಬಿಟ್ಟಿದ್ದರು. ಅವನಿಗೆ ನಲವತ್ತೆರಡು ವರ್ಷ.

ಮೂರನೆಯವರು ದೌಂಡಿನ ಕಡೆಯವರು. ಹುಡುಗ ಪುಣೆಯಲ್ಲೇ ಒಂದು ಕಂಪನಿಯಲ್ಲಿ ಕನ್ನಡ ಜಾಹೀರಾತು ಬರೆಯುವ ಕೆಲಸದಲ್ಲಿದ್ದ. ಆ ಕಂಪನಿ ಮುಖಕ್ಕೆ ಹಚ್ಚುವ ಸ್ನೋ ತಯಾರಿಸುತ್ತಿತ್ತು. ಬಣ್ಣವೂ ತಿಳಿಯಾಗಲಿ, ವರನ ಕಡೆಯವರಿಗೂ ಮೆಚ್ಚಾಗಲಿ ಎಂದು ಅಪ್ಪ ಅದೇ ಸ್ನೋದ ಡಬ್ಬಿ ತಂದರು. ಚೀಟಿಯ ಮೇಲೆ ಚಂದಿರನಂಥ ಹೆಂಗಸು, ಕೆಳಗೆ 'ಏಳೇ ದಿನಗಳಲ್ಲಿ ಫರಕು ಕಾಣಿರಿ' ಎಂಬ ಮಾತು. ನೋಡಲು ಬರುವ ದಿನಕ್ಕೆ ಸರಿಯಾಗಿ ಏಳು ದಿನವಿತ್ತು.

ಕಾಕೂ ಚೀಟಿ ಬಿಡಿಸಿ ವಹಿಯಲ್ಲಿ ಅಂಟಿಸಿದರು. ನನ್ನ ಎಡಗೈಗೆ ಮಾತ್ರ ಹಚ್ಚಬೇಕು, ಬಲಗೈ ಸಾಕ್ಷಿ ಎಂದು ಅಪ್ಪಣೆ ಮಾಡಿದರು. ನಾನು ಮೂರನೆಯ ದಿನ ಮಧ್ಯಾಹ್ನ ಅವರ ಕಣ್ಣು ತಪ್ಪಿಸಿ ಮುಖಕ್ಕೂ ಬಳಿದುಕೊಂಡೆ. ಸಿಕ್ಕಿಬಿದ್ದೆ. ಅವರು ಬೈಯಲಿಲ್ಲ, ಸೆರಗಿನಿಂದ ನನ್ನ ಕೆನ್ನೆ ಒರೆಸಿದರು.

"ಕೈ ಎರಡು ಅವ, ಒಂದ ಕೆಟ್ಟರ ಇನ್ನೊಂದ ಅದ. ಮಾರಿ ಇರೋದು ಒಂದಽ ಅಲ್ಲಾ ನಮ್ಮವ್ವಾ," ಎಂದರು.

ನಾನು ಅತ್ತುಬಿಟ್ಟೆ. ಆ ಮುಖವನ್ನು ಉಳಿಸಿಕೊಳ್ಳಬೇಕಾದದ್ದೆಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಏಳು ದಿನ ಕಳೆದ ಮೇಲೆ ಹುಡುಗ ತಾಯಿಯನ್ನು ಕರೆದುಕೊಂಡು ಬಂದ. ಅವಲಕ್ಕಿ, ಚಹಾ ಆಯಿತು. ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹುಡುಗಿ ಬಣ್ಣ ಮೊದಲಿಂದಲೂ ಹೀಗೆಯೋ ಎಂದು ಕೇಳಿದರು. ಅಪ್ಪ ಗಡಬಡಿಸಿ, ನಿಮ್ಮ ಮಗನ ಕಂಪನಿಯ ಸ್ನೋ ಹಚ್ಚುತ್ತಿದ್ದೇವೆ, ಬೇಗ ಬದಲಾಗುತ್ತದೆ ಎಂದುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಕಾಕೂ ಒಳಗೆ ಬಂದು ನನ್ನ ಎರಡೂ ಕೈಗಳನ್ನು ಹಿಡಿದು ಹುಡುಗನ ಮುಂದೆ ಚಾಚಿದರು. ಅವತ್ತು ಅವರ ಕಾಡಿಗೆ ಹುಬ್ಬು ಹಣೆಯ ಅರ್ಧಕ್ಕೇರಿತ್ತು.

"ಏಳು ದಿನಾ ಒಂದಽ ಕೈಗೆ ಹಚ್ಚೀವ್ರಿ. ಯಾವ ಕೈ, ನೀವಽ ಹೇಳ್ರಿ ನೋಡೋಣು."

ಹುಡುಗ ಕನ್ನಡಕ ಒರೆಸಿಕೊಂಡು, ಬಗ್ಗಿ, ಕಿಡಕಿಯ ಬೆಳಕಿಗೆ ಕೈ ಹಿಡಿಯಲು ಹೇಳಿ ಬಹಳ ಹೊತ್ತು ನೋಡಿದ. ಕೊನೆಗೆ ಬಲಗೈ ಎಂದ.

ನನಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಆಗ ಅವನು ಮೊದಲ ಸಲ ನನ್ನ ಮುಖ ನೋಡಿದ, ನೋಡುತ್ತ ತಾನೂ ನಕ್ಕ.

"ಫರಕು ಅನ್ನೋ ಶಬ್ದಾ ನಾನಽ ಹಾಕಿದ್ದು, ಕಾಕೂ. ಎಲ್ಲೆ ಕಾಣತದ ಅಂತ ಮಾತ್ರ ಬರದಿಲ್ಲ," ಎಂದ.

"ಕಂಡೇವಲ್ಲ. ಡಬ್ಬಿಯೊಳಗ ಕಂಡೇವಿ, ಅರ್ಧಾ ಖಾಲಿ ಆಗೇದ," ಎಂದರು ಕಾಕೂ.

ಅವನ ತಾಯಿಯೂ ಸೆರಗು ಬಾಯಿಗೆ ಹಿಡಿದು ನಕ್ಕರು. ಎರಡು ದಿನದಲ್ಲಿ ಒಪ್ಪಿಗೆ ಬಂತು. ನನ್ನವರು ಕಂಪನಿಯ ಮಾಲಕರ ಹತ್ತಿರ ಹೋಗಿ, ಚೀಟಿಯ ಮೇಲಿನ ಆ ಮಾತು ತೆಗೆದುಹಾಕೋಣವೆಂದು ಕೇಳಿದರಂತೆ. ಮಾಲಕರು ಬಹಳ ಯೋಚಿಸಿ, ಏಳು ದಿನವನ್ನು ಹದಿನಾಲ್ಕು ಮಾಡಿದರು. ನನ್ನವರು ಆ ಕೆಲಸ ಬಿಟ್ಟು ಶಾಲೆಯ ಪುಸ್ತಕ ಅಚ್ಚು ಹಾಕುವ ಒಂದು ಛಾಪಖಾನೆಯಲ್ಲಿ ಕರಡು ತಿದ್ದಲು ಸೇರಿದರು.

ಮದುವೆಯಾದ ಮೇಲೂ ನಾವಿದ್ದದ್ದು ಎರಡು ಗಲ್ಲಿ ಆಚೆ. ಹೋದಾಗಲೆಲ್ಲ ನಾನು ವಹಿ ತೆಗೆದು ನೋಡುತ್ತಿದ್ದೆ. ಸ್ನೋದ ಚೀಟಿಯ ಕೆಳಗೆ ಫಲದ ಜಾಗ ಖಾಲಿ. ಯಾಕೆ ಬರೆದಿಲ್ಲವೆಂದು ಕೇಳಿದರೆ ಕಾಕೂ, "ತಡಿ, ಇನ್ನೂ ನೋಡ್ಲಿಕ್ಕತ್ತೀನಿ," ಎನ್ನುತ್ತಿದ್ದರು. ಏಳು ದಿನದ ಪರೀಕ್ಷೆ ಹನ್ನೊಂದು ವರ್ಷ ನಡೆಯಿತು.

ದೇಶಕ್ಕೆ ಸ್ವಾತಂತ್ರ್ಯ ಬರುವ ಹಿಂದಿನ ಚಳಿಗಾಲದಲ್ಲಿ ಕಾಕೂ ತೀರಿಕೊಂಡರು. ಕಾಕಾ ವಹಿಯನ್ನು ನನಗೆ ಕೊಟ್ಟರು. ಮನೆಗೆ ಬಂದು ಆ ಪುಟ ತೆಗೆದೆ. ಚೀಟಿಯ ಕೆಳಗೆ ನಡುಗುವ ಕೈಯ ಅಕ್ಷರಗಳಿದ್ದವು: "ಎಡಗೈ, ಫರಕು ಇಲ್ಲ. ಬಲಗೈ, ಫರಕು ಇಲ್ಲ. ಹುಡುಗಿ ಮಾರಿ ಎತ್ತಿ ನಡೀತಾಳ. ಫರಕು ಕಂಡೆ."

ಅವರು ಕೊಟ್ಟ ಈ ಮುಖವನ್ನು ನಾನು ಇಂದಿಗೂ ತಗ್ಗಿಸಿಲ್ಲ. ವಹಿ ತೆರೆದ ಆ ದಿನ ಮಾತ್ರ ಅತ್ತುಬಿಟ್ಟೆ. ನನ್ನವರು ಕನ್ನಡಕ ಹಾಕಿಕೊಂಡು ಆ ಸಾಲುಗಳನ್ನು ಕರಡು ಓದುವಂತೆ ಒಂದೊಂದೇ ಅಕ್ಷರ ಹಿಡಿದು ಓದಿದರು.

"ಇದರಾಗ ತಿದ್ದೋದು ಏನೂ ಇಲ್ಲ," ಎಂದರು. ಆಮೇಲೆ, ಕಾಕೂ ಸ್ನೋ ಹಚ್ಚಿದ ಕೈ ಇದೇ ಅಲ್ಲವೇ ಎನ್ನುತ್ತ ನನ್ನ ಕೈ ಹಿಡಿದುಕೊಂಡರು. ಈ ಸಲವೂ ಬಲಗೈ.