ಅವ್ವನ ತಾಟಿನ ಅನ್ನ

ಡಾಕ್ಟರು “ಭಾತ ಬಂದ್!” ಎಂದಾಗ ನಾನು ಕಿಸಕ್ಕನೆ ನಕ್ಕುಬಿಟ್ಟೆ. ನಗುವ ಹೊತ್ತೇ ಅಲ್ಲ ಅದು. ಸಕ್ಕರೆ ಕಾಯಿಲೆಯಿಂದ ಅವ್ವನ ಎಡಗಾಲಿನ ಎರಡು ಬೆರಳು ಆಗಲೇ ಹೋಗಿದ್ದವು, ಗಾಯ ಮಾಯುತ್ತಿರಲಿಲ್ಲ. ಸಕ್ಕರೆ ಇಳಿಯದಿದ್ದರೆ ಪಾದವನ್ನೇ ತೆಗೆಯಬೇಕಾಗುತ್ತದೆ, ಅನ್ನ ಪೂರ್ತಿ ನಿಲ್ಲಿಸಿ, ಎರಡು ಹೊತ್ತೂ ಜೋಳದ ಭಾಕರಿ ಕೊಡಿ ಎಂದು ಅವರು ಮರಾಠಿಯಲ್ಲಿ ಹೇಳಿದರು. ನಾವು ರೊಟ್ಟಿ ಎನ್ನುವುದನ್ನೇ ಇಲ್ಲಿಯವರು ಭಾಕರಿ ಎನ್ನುತ್ತಾರೆ. “ನಿಮಗೇನು ಕಷ್ಟ? ನಿಮ್ಮ ಹೋಟೆಲಿನದೇ ಕೊಡಿ. ಭಾನುವಾರ ಬಂತೆಂದರೆ ನನ್ನ ಮಕ್ಕಳು ಅಲ್ಲಿಗೇ ಎಳೆಯುತ್ತಾರೆ” ಎಂದೂ ಸೇರಿಸಿದರು.

ಅದಕ್ಕೇ ನಗು ಬಂದದ್ದು. ನಾಶಿಕದ ಅಂಬಡ್‌ನಲ್ಲಿ ಒಂದು, ಸಂಭಾಜಿನಗರದಲ್ಲಿ ಒಂದು, ಎರಡು ಹೋಟೆಲು ನನ್ನವು. ಎರಡರ ಬೋರ್ಡಿನ ಮೇಲೂ ರೊಟ್ಟಿಯ ಚಿತ್ರ. ಅಲ್ಲಿ ರೊಟ್ಟಿ ಬಡಿಯುವ ಹೆಂಗಸರಿಗೆಲ್ಲ ಕೈ ಹಿಡಿದು ಕಲಿಸಿದವಳು ಅವ್ವ. ಆ ಅವ್ವ ನಾನು ಚಿಕ್ಕವಳಿದ್ದಾಗಿನಿಂದ ಒಂದು ತುಣುಕು ರೊಟ್ಟಿ ಬಾಯಿಗಿಟ್ಟಿರಲಿಲ್ಲ. ಮುಂಜಾನೆ ಅನ್ನ, ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ.

ಯಾಕೆ ಎಂದು ಹೇಳಬೇಕಾದರೆ ನಾಶಿಕದ ಆಚೆ ಘಟ್ಟದಲ್ಲಿರುವ ಇಗತಪುರಿಗೆ ಹೋಗಬೇಕು. ಹೋಗಲು ನನಗೆ ಸುತರಾಂ ಇಷ್ಟವಿಲ್ಲ. ಇಂದಿಗೂ ಮುಂಬೈಗೆ ರೈಲಿನಲ್ಲಿ ಹೊರಟರೆ ಆ ಸ್ಟೇಷನ್ ಬಂದಾಗ ಕಣ್ಣು ಮುಚ್ಚಿ ಕೂರುತ್ತೇನೆ. ಎಲ್ಲರೂ ಮಳೆ ನೋಡಿ ಆಹಾ ಎನ್ನುತ್ತಾರೆ, ಫೋಟೋ ತೆಗೆಯುತ್ತಾರೆ. ಎದ್ದು ಒಂದು ಬಾರಿಸಬೇಕು ಎನಿಸುತ್ತದೆ.

ನಾವು ವಿಜಯಪುರದ ಕಡೆಯವರು. ಅಪ್ಪ, ಅವ್ವ, ನಾನು, ತಂಗಿ. ಮುಕಾದಮನೊಬ್ಬ ನಮ್ಮ ಕಡೆಯ ಆಳುಗಳನ್ನು ಲಾರಿಯಲ್ಲಿ ತುಂಬಿಕೊಂಡು ಇಗತಪುರಿಯ ರಸ್ತೆ ಕೆಲಸಕ್ಕೆ ಕರೆತಂದ. ಹೊರಡುವ ಮೊದಲು ಅವ್ವ ನಮ್ಮ ಕಡೆಯ ಎಲ್ಲ ಹೆಂಗಸರೂ ಮಾಡುವುದನ್ನೇ ಮಾಡಿದಳು: ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಬಡಿದು, ಬಿಸಿಲಿಗೆ ಒಣಗಿಸಿ, ಹಳೇ ಧೋತರದಲ್ಲಿ ದೊಡ್ಡ ದೊಡ್ಡ ಗಂಟು ಕಟ್ಟಿದಳು. ನಮ್ಮ ನೆಲದಲ್ಲಿ ಆ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆ, ಕೆಡುವುದೆಂದರೇನೆಂದೇ ಅದಕ್ಕೆ ಗೊತ್ತಿಲ್ಲ. “ರೊಟ್ಟಿ ಗಂಟ ಇದ್ದ ಮ್ಯಾಲ ಎಲ್ಲಿಗೆ ಹೋದ್ರೇನ? ಯಾರ ಮುಂದೂ ಕೈ ಒಡ್ಡೂದ ಬ್ಯಾಡ” ಎಂದು ಲಾರಿಯಲ್ಲಿ ಆ ಗಂಟಿನ ಮೇಲೆಯೇ ಕೂತು ಹೇಳಿದ್ದಳು. ಒಣಭೂಮಿಯ ಹೆಂಗಸು. ಇಂಥ ಮಳೆಯೊಂದು ಇರುತ್ತದೆ ಎಂದು ಅವಳಿಗೆ ಯಾರು ಹೇಳಬೇಕು?

ಮಳೆ ಹಿಡಿದದ್ದು ಬಿಡಲಿಲ್ಲ. ಕೆಲಸ ನಿಂತಿತು. ಮುಕಾದಮ ಬರುತ್ತೇನೆಂದು ಹೋದವನು ಬರಲಿಲ್ಲ. ತಾಡಪತ್ರಿಯ ಗುಡಿಸಲೊಳಗೆ ಹಾಸಿಗೆ, ಸೌದೆ, ಗೋಡೆ ಎಲ್ಲವೂ ತೊಟ್ಟಿಕ್ಕುತ್ತಿದ್ದವು. ಮುಟ್ಟಿದರೆ ಪಟಕ್ಕನೆ ಮುರಿಯಬೇಕಾದ ರೊಟ್ಟಿ ಚಪ್ಪಲಿಯ ತೊಗಲಿನಂತೆ ಬಾಗತೊಡಗಿತು. ಆಮೇಲೆ ಒಂದು ಬೆಳಗ್ಗೆ ಗಂಟು ಬಿಚ್ಚಿದರೆ ಹಸಿರು ಬೂಷ್ಟು. ಅವ್ವ ಒಂದೊಂದೇ ರೊಟ್ಟಿ ತೆಗೆದು ಬೂಷ್ಟು ಕೆರೆದು, ಹೊಗೆಯಾಡುವ ಒಲೆಯ ಮೇಲೆ ಹಂಚಿಟ್ಟು ಸುಟ್ಟು ಕೊಟ್ಟಳು. ನಾವು ಉಪ್ಪುಖಾರ ಹಚ್ಚಿಕೊಂಡು ತಿಂದೆವು.

ಪಕ್ಕದ ಗುಡಿಸಲಿನಲ್ಲಿ ಯಾವುದೋ ಬೇರೆ ಸೀಮೆಯ ಆಳುಗಳಿದ್ದರು, ಅನ್ನ ಉಣ್ಣುವ ಜನ. ಅವರ ಒಲೆಯ ಮೇಲೆ ಅನ್ನ ಕುದಿಯುವ ವಾಸನೆ ಬರುತ್ತಿತ್ತು. ತಂಗಿ ಅದಕ್ಕೆ ಜೊಲ್ಲು ಸುರಿಸುತ್ತ ಕೂರುತ್ತಿದ್ದಳು. ಅವಳಿಗೆ ಇನ್ನೂ ಹಾಲುಹಲ್ಲು. ಹೋಗಿ ಕೇಳಿದ್ದರೆ ಆ ಜನ ಖಂಡಿತ ಒಂದು ಹಿಡಿ ಕೊಡುತ್ತಿದ್ದರು. ಅವ್ವ ಕೇಳಲಿಲ್ಲ, ನಮ್ಮನ್ನೂ ಆ ಕಡೆ ಬಿಡಲಿಲ್ಲ. ಕಡೆಗೆ ತಂಗಿಗೆ ವಾಂತಿ ಭೇದಿ ಹತ್ತಿತು. ಅಪ್ಪ ಅವಳನ್ನು ಗೋಣಿಚೀಲದಲ್ಲಿ ಸುತ್ತಿ ಎದೆಗವಚಿಕೊಂಡು ಮಳೆಯಲ್ಲಿ ದವಾಖಾನೆಗೆ ಓಡಿದ. ಹಿಂದಿರುಗಿ ಬರುವಾಗ ಓಡುತ್ತಿರಲಿಲ್ಲ.

ಅವಳನ್ನು ಅಲ್ಲಿಯೇ ಮಣ್ಣು ಮಾಡಿ ನಾವು ನಾಶಿಕಕ್ಕೆ ಇಳಿದೆವು. ಸಾತಪುರದಲ್ಲಿ ಕಾರ್ಖಾನೆ ಕಟ್ಟುವ ಕೆಲಸ ಸಿಕ್ಕಿತು. ಅಲ್ಲಿ ಅವ್ವ ಮೊದಲ ಸಲ ಅಕ್ಕಿ ತಂದು ಅನ್ನಕ್ಕಿಟ್ಟಳು. ನಮಗೆ ರೊಟ್ಟಿ ಬಡಿದು ಕೊಟ್ಟು, ತಾನು ಅನ್ನ ಬಡಿಸಿಕೊಂಡಳು. ಆವತ್ತಿನಿಂದ ಅದೇ ಆಯಿತು. ಅಪ್ಪ ಒಂದೆರಡು ಸಲ “ರೊಟ್ಟಿ ಯಾಕ ಒಲ್ಲಿ?” ಎಂದ. “ನನಗ ಸೇರೂದಿಲ್ಲ” ಎಂದಳು, ಅಷ್ಟೆ. ರೊಟ್ಟಿಯ ಮೇಲೆ ಅವಳಿಗೆ ಹೇಸಿಕೆ ಹುಟ್ಟಿದೆ, ತನಗೆ ತಾನೇ ಶಿಕ್ಷೆ ಹಾಕಿಕೊಂಡಿದ್ದಾಳೆ ಎಂದು ಅಪ್ಪನೂ ನಾನೂ ತಿಳಿದೆವು. ತಂಗಿಯ ಸುದ್ದಿಯನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅಪ್ಪ ಬಹಳ ದಿನ ಬದುಕಲಿಲ್ಲ. ಸಿಮೆಂಟಿನ ಧೂಳು, ಕೆಮ್ಮು, ಮೇಲೆ ಕುಡಿತ. ಅವನು ಹೋದ ಮೇಲೆ ನಾವಿಬ್ಬರೂ ಅಂಬಡ್‌ನ ಬಾಡಿಗೆ ಖೋಲಿಗೆ ಬಂದೆವು. ಸುತ್ತಲೂ ಕಾರ್ಖಾನೆಯ ಹುಡುಗರು, ಒಂದು ಖೋಲಿಯಲ್ಲಿ ಐದಾರು ಜನ. ಬಾಗಿಲ ಹೊರಗೆ ಒಲೆ ಹೂಡಿ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿ ನಮ್ಮ ಕಡೆಯ ಹುಡುಗನೊಬ್ಬ ಬಂದು ನಿಂತ. “ಅವ್ವಾರ, ನಮಗೂ ನಾಕ ಬಡದು ಕೊಡ್ರಿ, ನಮ್ಮ ಊರ ನೆನಪಾತು” ಎಂದ. ಮರುದಿನ ಅವನ ಗೆಳೆಯರು ಬಂದರು. ನಾನು ಶಾಲೆ ಬಿಟ್ಟು, ತಲೆಯ ಮೇಲೆ ಬುಟ್ಟಿ ಹೊತ್ತು, ಪಾಳಿ ಬದಲಾಗುವ ಹೊತ್ತಿಗೆ ಫ್ಯಾಕ್ಟರಿ ಗೇಟಿನಲ್ಲಿ ನಿಲ್ಲತೊಡಗಿದೆ.

ಆ ಕಥೆಯನ್ನು ಪೇಪರಿನವರು ಚೆಂದ ಮಾಡಿ ಬರೆದಿದ್ದಾರೆ. ಬುಟ್ಟಿಯಿಂದ ಕೈಗಾಡಿ, ಕೈಗಾಡಿಯಿಂದ ಖಾನಾವಳಿ, ಖಾನಾವಳಿಯಿಂದ ಎಸಿ ಹೋಟೆಲು. ಬರೆದಷ್ಟು ಸಲೀಸಾಗಿರಲಿಲ್ಲ ಅದು. ಕೈಗಾಡಿಯನ್ನು ಎತ್ತಿಕೊಂಡು ಹೋದವರ ಆಫೀಸಿನ ಮುಂದೆ ಮಣ್ಣಿನಲ್ಲಿ ಕೂತು ಅತ್ತಿದ್ದೇನೆ. ಗೇಟಿನಲ್ಲಿ ಕೈ ಹಿಡಿದವನ ಕೆನ್ನೆಗೆ ಬಾರಿಸಿ, ಆಮೇಲೆ ವಾರಗಟ್ಟಲೆ ಹೆದರಿ ಬೇರೆ ದಾರಿ ಹಿಡಿದು ಓಡಾಡಿದ್ದೇನೆ. ನನ್ನದು ಮೂಗಿನ ತುದಿಯಲ್ಲೇ ಸಿಟ್ಟು. ಆ ಸಿಟ್ಟಿಲ್ಲದಿದ್ದರೆ ನನ್ನನ್ನು ಎಂದೋ ಹುರಿದು ಮುಕ್ಕುತ್ತಿದ್ದರು. ಇಲ್ಲಿಯ ಕನ್ನಡ ಸಂಘದವರು ನನಗೆ ಸನ್ಮಾನ ಮಾಡಿದ ದಿನ ಭಾಷಣ ಮಾಡಿದವರೊಬ್ಬರು ಕೈ ಕೆಸರಾದರೆ ಬಾಯಿ ಮೊಸರು ಎಂದರು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವನ ಕಡೆ ನೋಡಿದೆ. ಅವಳ ಕೈ ಜೀವಮಾನವಿಡೀ ಹಿಟ್ಟಾಯಿತು. ಬಾಯಿಗೆ ಏನು ಬಂತು?

ಸಂಭಾಜಿನಗರದಲ್ಲಿ ಎರಡನೆಯ ಹೋಟೆಲು ತೆರೆದಾಗ ವ್ಯಾಪಾರ ಚೆನ್ನಾಗಿದೆ, ಅದಕ್ಕೆ ಎಂದು ಎಲ್ಲರಿಗೂ ಹೇಳಿದೆ. ಸುಳ್ಳಲ್ಲ. ಆದರೆ ಅಲ್ಲಿನ ಬಿಸಿಲು ನಮ್ಮೂರಿನ ಬಿಸಿಲಿನಂತೆಯೇ ಇದೆ ಎಂಬುದೂ ನನ್ನ ಮನಸ್ಸಿನಲ್ಲಿತ್ತು. ಅಲ್ಲಿ ಖಡಕ್ ರೊಟ್ಟಿ ಬುಟ್ಟಿಯಲ್ಲಿ ಹಾಗೇ ಇಟ್ಟರೂ ಪಟಕ್ಕನೆ ಮುರಿಯುತ್ತದೆ. ಅವ್ವನನ್ನು ಕರೆತಂದು ಹೋಟೆಲಿನ ಮೇಲಿನ ಮನೆಯಲ್ಲೇ ಇರಿಸಿಕೊಂಡೆ. ಆ ಸಪ್ಪಳ ದಿನಾ ಕೇಳಿದರೆ ಒಂದಲ್ಲ ಒಂದು ದಿನ ತಿಂದಾಳು ಎಂಬ ಆಸೆ. ತಿನ್ನಲಿಲ್ಲ. ಬದಲಿಗೆ ಸಕ್ಕರೆ ಕಾಯಿಲೆ ಬಂತು.

ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಬಿಸಿ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟೆ. ತಾಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, “ಅನ್ನ ಇಲ್ಲೇನ?” ಎಂದಳು. ಅನ್ನ ಇಲ್ಲವೆಂದರೆ ಉಪವಾಸ. ಉಪವಾಸ ಕೂತರೆ ಇನ್ಸುಲಿನ್ ಕೊಡುವಂತಿಲ್ಲ. ಗೋಧಿ ಚಪಾತಿ ಬೇಡ, ನವಣೆ ಬೇಡ, ಬೇರೆ ಏನೂ ಬೇಡ. ಕೈಮುಗಿದೆ, ಆಣೆ ಹಾಕಿದೆ, ಬೈದೆ, ಕಡೆಗೆ ಸೋತು ದಿನಾ ಅನ್ನವನ್ನೇ ಬಡಿಸಿದೆ. ಗಾಯದ ಪಟ್ಟಿ ಬದಲಿಸಲು ಬರುತ್ತಿದ್ದ ನರ್ಸ್ ಮೂಗಿಗೆ ಬಟ್ಟೆ ಕಟ್ಟಿಕೊಳ್ಳತೊಡಗಿದಳು. ಆ ವಾಸನೆ ನನಗೂ ಬರುತ್ತಿತ್ತು. ಕೆಳಗೆ ಹೋಟೆಲಿನಲ್ಲಿ ಜನ ಸಾಲು ನಿಂತಿರುತ್ತಿದ್ದರು, ಮೇಲೆ ನಾನು ಒಂದು ತುತ್ತಿಗಾಗಿ ಗೋಗರೆಯುತ್ತಿದ್ದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಎರಡೂ ಇದ್ದವು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಅಷ್ಟರಲ್ಲಿ ಮಹಾನವಮಿ ಅಮಾವಾಸ್ಯೆ ಬಂತು. ಆ ದಿನ ನಾವು ಹಿರಿಯರಿಗೆ ಎಡೆ ಇಡುತ್ತೇವೆ: ತೀರಿಕೊಂಡವರ ಹೆಸರಿನಲ್ಲಿ, ಅವರಿಗೆ ಇಷ್ಟವಾದದ್ದನ್ನು ಮಾಡಿ, ಬಡಿಸಿಟ್ಟು, ಆಮೇಲೆ ನಾವು ಉಣ್ಣುವುದು. ಅಪ್ಪನ ಫೋಟೋ ಮುಂದೆ ಹೋಳಿಗೆ, ಝುಣಕ ಇಟ್ಟೆ. ತಂಗಿಗೆ ಎಡೆ ಇಲ್ಲ. ಹಾಲುಹಲ್ಲು ಬೀಳದ ಮಕ್ಕಳಿಗೆ ನಮ್ಮ ಪೈಕಿ ಎಡೆ ಇಡುವುದಿಲ್ಲ. ಅವರು ಹಿರಿಯರಲ್ಲವಲ್ಲ. ಅದನ್ನು ನಾನು ಎಂದೂ ಯೋಚಿಸಿದವಳೇ ಅಲ್ಲ. ಪದ್ಧತಿ ಎಂದರೆ ಪದ್ಧತಿ.

ಎಡೆ ಮುಗಿಸಿ ಅವ್ವನ ಮುಂದೆ ರೊಟ್ಟಿಯ ತಾಟಿಟ್ಟೆ. ಅವಳು ಸರಿಸಿದಳು. ಹಿಂದಿನ ದಿನವಷ್ಟೇ ಡಾಕ್ಟರು, ಇನ್ನು ತಡ ಮಾಡಿದರೆ ಕಾಲು ಉಳಿಯುವುದಿಲ್ಲ ಎಂದಿದ್ದರು. ನನಗೆ ನೆತ್ತಿಗೇರಿತು.

“ಸಾಕ ಮಾಡಬೇ ಇನ್ನ! ಆಕಿ ಸತ್ತದ್ದಕ್ಕ ಎಷ್ಟ ವರ್ಷ ಶಿಕ್ಷಾ ಅನುಭವಿಸ್ತಿ? ಬೂಷ್ಟ ಬಂದದ್ದು ನಿನ್ನ ತಪ್ಪೇನ? ರೊಟ್ಟಿ ಏನ ತಪ್ಪ ಮಾಡೇತಿ? ರೊಟ್ಟಿ ಮ್ಯಾಲಿನ ಸಿಟ್ಟಿಗೆ ಕಾಲ ಕಡಿಸ್ಕೋತಿ ಏನ?” ಎಂದು ಕಿರುಚಿದೆ. ಕೆಳಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಯಿತು.

ಅವ್ವ ನನ್ನನ್ನೇ ನೋಡಿದಳು. ಅವಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು.

“ರೊಟ್ಟಿ ಮ್ಯಾಲೆ ನನಗ್ಯಾಕ ಸಿಟ್ಟ, ಹುಚ್ಚಿ?” ಎಂದಳು. “ರೊಟ್ಟಿಲೇ ಬದಕೀವಿ.”

“ಮತ್ತ ಯಾಕ ತಿನ್ನವಲ್ಲಿ?”

ಅಪ್ಪನ ಎಡೆಯ ಕಡೆ ನೋಡುತ್ತ ಹೇಳಿದಳು. “ಆಕಿ ಅನ್ನ ಕೇಳಿದ್ಲು. ಬಾಜೂ ಗುಡಸಲದಾಗಿನ ಅನ್ನ. ಎವ್ವಾ ಬಿಸಿ ಅನ್ನ, ಎವ್ವಾ ಬಿಸಿ ಅನ್ನ, ಅಂತ ಒಂದ ಸವನ ಕೇಳಿದ್ಲು. ನಮ್ಮ ರೊಟ್ಟಿ ಇದ್ದಾಗ ಇನ್ನೊಬ್ಬರ ಮನೀ ಅನ್ನ ಯಾಕ ಅಂತ ಬಾಯಿ ಮ್ಯಾಲೆ ಹೊಡದೆ. ನಾಳೆ ಮಾಡ್ತೀನಂದೆ. ಎಲ್ಲಾರಿಗೂ ಎಡಿ ಐತಿ, ಆಕಿಗೆ ಇಲ್ಲ. ಎಲ್ಲೆ ಇಡಲಿ ನಾ? ಅದಕ್ಕ ನಾನ ಉಣ್ತೀನಿ. ನಂದಲ್ಲ ಅದ. ಆಕೀದು.”

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಪಕ್ಕದಲ್ಲಿ ಕೂತು ಉಂಡು, ನನಗೆ ಕಂಡದ್ದು ಅವಳು ಬಿಟ್ಟ ರೊಟ್ಟಿ ಮಾತ್ರ. ತಾಟಿನಲ್ಲಿದ್ದ ಅನ್ನ ಕಂಡಿರಲೇ ಇಲ್ಲ. ಅವ್ವ ಸಣ್ಣ ತುತ್ತು ಕಟ್ಟಿ, ಊದಿ ಊದಿ ಉಣ್ಣುತ್ತಿದ್ದದ್ದು ಈಗ ನೆನಪಾಯಿತು. ಮಕ್ಕಳಿಗೆ ಉಣಿಸುವಾಗ ಹಾಗೆ ಊದುತ್ತಾರೆ. ನಾನು ನೆಲದ ಮೇಲೆ ಕೂತು ಗೊಳೋ ಎಂದು ಅತ್ತೆ. ಅವ್ವ ಅಳಲಿಲ್ಲ. “ಏಳ, ಗಿರಾಕಿ ಬಂದಾರ” ಎಂದಳು.

ಎದ್ದು ಕೆಳಗೆ ಹೋದೆ. ಅನ್ನಕ್ಕಿಟ್ಟು, ಆಗಷ್ಟೇ ಇಳಿಸಿದ ಅನ್ನವನ್ನು ಒಂದು ಚಿಕ್ಕ ತಾಟಿಗೆ ಹಾಕಿ, ತುಪ್ಪ ಬಿಟ್ಟು, ಮೇಲೆ ತಂದು ಅಪ್ಪನ ಎಡೆಯ ಪಕ್ಕದಲ್ಲಿಟ್ಟೆ. ಪದ್ಧತಿ ಹಾಳಾಗಿ ಹೋಗಲಿ. ಯಾವ ಹಿರಿಯರು ಬಂದು ಕೇಳುತ್ತಾರೋ ಕೇಳಲಿ, ಉತ್ತರ ನಾನು ಕೊಡುತ್ತೇನೆ. ಆಮೇಲೆ ರೊಟ್ಟಿಯ ತಾಟನ್ನು ಮತ್ತೆ ಅವ್ವನ ಮುಂದಿಟ್ಟು, “ಆಕೀದು ಆಕಿಗೆ ಇಟ್ಟೀನಿ. ಇದು ನಿಂದು” ಎಂದೆ.

ಅವ್ವ ಆ ಚಿಕ್ಕ ತಾಟನ್ನು ನೋಡುತ್ತ ಕೂತಳು. ಅನ್ನದ ಹಬೆ ಏಳುತ್ತಿತ್ತು. ಹಬೆ ಕಮ್ಮಿಯಾಗುವವರೆಗೂ ರೊಟ್ಟಿ ಮುಟ್ಟಲಿಲ್ಲ. ಆಮೇಲೆ ಒಂದು ತುಣುಕು ಮುರಿದು ಬಾಯಿಗಿಟ್ಟುಕೊಂಡಳು. ಅಗಿಯಲು ಬಹಳ ಹೊತ್ತು ಹಿಡಿಯಿತು.

ಕಾಲು ಉಳಿಯಲಿಲ್ಲ. ತಡವಾಗಿತ್ತು. ದೀಪಾವಳಿಗೆ ಮೊದಲೇ ಪಾದ ತೆಗೆದರು. ಇದನ್ನು ಒಂದು ತಿಂಗಳು ಮೊದಲೇ ಕೇಳಿದ್ದರೆ ಏನಾಗುತ್ತಿತ್ತು ಎಂದು ನಾನು ದಿನಾ ಲೆಕ್ಕ ಹಾಕುತ್ತೇನೆ, ದಿನಾ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಪೇಪರಿನವರು ಮತ್ತೆ ಬಂದಿದ್ದರು, ನನ್ನ ಯಶಸ್ಸಿನ ಗುಟ್ಟು ಕೇಳಲು. ಎದ್ದು ಹೋಗ್ರಿ ಎಂದೆ.

ಈಗ ಮಧ್ಯಾಹ್ನ ಜನ ಕಡಿಮೆಯಾದ ಮೇಲೆ ಅವ್ವನನ್ನು ಗಾಲಿ ಕುರ್ಚಿಯಲ್ಲಿ ಕೆಳಗೆ ಕರೆತರುತ್ತೇನೆ. ಮೂಲೆಯ ಟೇಬಲಿನ ಮೇಲೆ ಎರಡು ತಾಟು. ಒಂದರಲ್ಲಿ ರೊಟ್ಟಿ, ಚಿಕ್ಕದರಲ್ಲಿ ಅನ್ನ. ಅವ್ವ ಮೊದಲು ಕೈ ಚಾಚಿ ಅನ್ನದ ಮೇಲೆ ಅಂಗೈ ಹಿಡಿಯುತ್ತಾಳೆ. ನಿನ್ನೆ ಗಿರಾಕಿಗಳ ಗಲಾಟೆಯಲ್ಲಿ ಸ್ವಲ್ಪ ತಡವಾಗಿತ್ತು.

“ಇದ ಆರೇತಿ” ಎಂದಳು. “ಆಕಿಗೆ ಬಿಸೀದ ತಾ.”

ನಾನು ತಾಟು ಎತ್ತಿಕೊಂಡು ಬಿಸಿ ಅನ್ನ ತರಲು ಒಳಗೆ ಹೋದೆ.