ಬರೆಯುವ ಅಕ್ಕ

ಕಾಲೇಜಿನ ಪರೀಕ್ಷೆಯ ಕೋಣೆಗೆ ಕಾಲಿಡುವ ಮುನ್ನ ಬರೆಯುವ ಅಕ್ಕ ಬಾಗಿಲಲ್ಲೇ ನಿಂತು, "ದೇವರೇ, ಮೂರು ಗಂಟೆ ನನ್ನ ಬುದ್ಧಿ ನಿನ್ನ ಹತ್ರಾನೇ ಇರ್ಲಿ" ಎಂದು ಬೇಡಿಕೊಳ್ಳುವುದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಕಣ್ಣು ಕಾಣದ ವಿದ್ಯಾರ್ಥಿಗಳು ಹೇಳಿದ ಉತ್ತರವನ್ನು ಬರೆದುಕೊಡುವುದು ಅವಳ ಕೆಲಸ. ಅವರು ತಪ್ಪು ಹೇಳಿದರೆ ಆ ತಪ್ಪನ್ನೇ ದುಂಡಗೆ ಬರೆಯುತ್ತಾಳೆ. ತಡವರಿಸಿದರೆ ತುಟಿ ಪಿಟ್ಟೆನ್ನದೆ ಕೂರುತ್ತಾಳೆ. ಯಾರಾದರೂ ಕೆಮ್ಮಿದರೂ, "ಇದನ್ನೂ ಬರೀಲಾ?" ಎಂದು ಕೇಳುವವಳೇ. "ಕೆಮ್ಮು ಸಿಲಬಸ್‌ನಲ್ಲಿ ಇಲ್ಲ ಅಕ್ಕಾ" ಎಂದು ಹುಡುಗಿಯರು ನಕ್ಕರೆ ಅವಳಿಗೆ ನಗು ಬರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಬ್ಬಳು ಹೇಳಿದ ಉತ್ತರ ತಪ್ಪೆಂದು ಅವಳಿಗೆ ತೋರಿತ್ತು. ಪಾಪ, ಹುಡುಗಿ ಫೇಲಾಗಬಾರದು ಎಂಬ ಕನಿಕರಕ್ಕೆ ತನಗೆ ಸರಿ ಕಂಡದ್ದನ್ನು ಬರೆದುಬಿಟ್ಟಳು. ಹುಡುಗಿ ಹೇಳಿದ್ದೇ ಸರಿಯಾಗಿತ್ತು. ನಾಲ್ಕೇ ಅಂಕ ಕಡಿಮೆಯಾಗಿ ಅವಳ ಒಂದು ವರ್ಷ ಮಣ್ಣುಪಾಲಾಯಿತು. ಅಕ್ಕ ಅಳುತ್ತಾ ಎಲ್ಲರೆದುರು ತಪ್ಪೊಪ್ಪಿಕೊಂಡರೂ ಫಲಿತಾಂಶ ಬದಲಾಗಲಿಲ್ಲ. ಆ ಹುಡುಗಿ ಈಗ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮೊನ್ನೆ ಅಕ್ಕನ ಕೈ ಹಿಡಿದು, "ಎಷ್ಟು ವರ್ಷ ಅಂತ ಹೀಗೆ ದಿನಗೂಲಿ ಮಾಡ್ತೀರಿ? ಕೆಲಸ ಕಾಯಂ ಮಾಡಿ ಅಂತ ಪ್ರಿನ್ಸಿಪಾಲರಿಗೆ ನಾನೇ ಒಂದ್ಮಾತು ಹೇಳ್ತೀನಿ" ಎಂದಳು. "ಬೇಡಮ್ಮಾ," ಎಂದಳು ಅಕ್ಕ. "ನಿನ್ನ ಮಾತನ್ನ ನುಂಗಿದವಳ ಪರವಾಗಿ ನೀನು ಮಾತಾಡೋದು ಬೇಡ."